ಅರಸನ ತೋಟದ ಬೆಳೆ

ಹೂವಿನ ವಾಸನೆ ಬರುತ್ತದೆಂದುಕೊಂಡಿದ್ದೆ. ಹೋದ ವರ್ಷ ಪ್ರವಾಸಿಗಳ ಗುಂಪಿನೊಂದಿಗೆ ಜಪಾನಿನ ಹಳೆಯ ಕೋಟೆಯೊಂದನ್ನು ನೋಡಿ, ಪಕ್ಕದ ಅರಸರ ತೋಟಕ್ಕೆ ಕಾಲಿಟ್ಟರೆ ಮೂಗಿಗೆ ಬಡಿದದ್ದು ಹಸಿ ಪೈರಿನ ವಾಸನೆ. ಕೊಳದ ಆಚೆ, ದುಂಡಗೆ ಕತ್ತರಿಸಿದ ಗಿಡಗಳ ನಡುವೆ, ಅಂಗಳದಷ್ಟಗಲ ಭತ್ತದ ಗದ್ದೆ! ಅಲ್ಲೇ ನಿಂತುಬಿಟ್ಟೆ. ನಮ್ಮೂರು ತಿಕೋಂಡಿಯಲ್ಲಿ ಪಕ್ಕದ ಮನೆಯ ಕಾಕಾ ಹೇಳಿದ್ದು ಇದನ್ನೇ...

ಅರವತ್ತರ ದಶಕದ ಕೊನೆಯ ಮಾತು. ಕಾಕಾ ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಖಲಾಸಿಯಾಗಿದ್ದರು. ರಜೆಗೆ ಬಂದರೆ ಕಟ್ಟೆಯ ಮೇಲೆ ಕೂತು ಕಂಡ ದೇಶಗಳ ಸುದ್ದಿ ಹೇಳುವರು. ಹಡಗು ದುರಸ್ತಿಗೆ ನಿಂತಾಗ ಜಪಾನಿನ ಕೋಟೆ ನೋಡಿದ್ದನ್ನು ಜನ ಬಾಯಿಬಿಟ್ಟುಕೊಂಡು ಕೇಳಿದರು. ಆದರೆ ಅರಸ ಬರೀ ನೋಡಲಿಕ್ಕೆಂದು ಹೂದೋಟದಲ್ಲಿ ಭತ್ತ ಬೆಳೆಸಿದ್ದಾನೆ ಎಂದಾಗ ಎಲ್ಲರಿಗೂ ನಗು. ನಮ್ಮ ಕಡೆ ಅನ್ನ ಕಾಣುತ್ತಿದ್ದದ್ದೇ ಹಬ್ಬಕ್ಕೆ.

ಅವರ ಹೆಂಡತಿ, ನಮ್ಮ ಕಾಕಿ, ನಗಲಿಲ್ಲ. ಜೋಳದ ಮೊರ ಕೆಳಗಿಟ್ಟು ಕೇಳಿದರು: "ಆ ಬೆಳಿ ಯಾರ್ ತಿಂತಾರ್ರಿ?"

"ನಾನೂ ಕೇಳಿದ್ನಿ," ಅಂದರು ಕಾಕಾ. "ಅಲ್ಲಿ ಕೆಲ್ಸ ಮಾಡವ್ರು ಚಹಾ ಕುಡಿಸಿದ್ರು. ಹಸರ ಚಹಾ, ಭಾಳ ಕಹಿ."

"ಬೆಳಿ ಯಾರ್ ತಿಂತಾರ ಅಂತ ಕೇಳಿದ್ರ ಚಹಾ ಯಾಕ ಕುಡಿಸ್ತಾರ್ರಿ? ನೀವು ಅಲ್ಲಿ ಹೋಗೇ ಇಲ್ಲ ಬಿಡ್ರಿ!"

ಕಟ್ಟೆಯೆಲ್ಲ ಗೊಳ್ಳೆಂದಿತು. ಕಾಕಾನೂ ನಕ್ಕರು, ಆದರೆ ಮುಖ ಸಣ್ಣದಾಗಿತ್ತು. ಊರು ನಂಬದಿದ್ದರೆ ಅವರಿಗೇನೂ ಅಲ್ಲ, ಕಾಕಿ ನಂಬಬೇಕಿತ್ತು. ತಿಂಗಳುಗಟ್ಟಲೆ ನೀರಿನ ಮೇಲಿರುವ ಮನುಷ್ಯ ಹೆಂಡತಿಗೆಂದು ತರುವುದು ಕಂಡದ್ದನ್ನೇ ತಾನೆ? ಪ್ರತಿ ರಜೆಯಲ್ಲೂ ಆ ಮಾತು ತೆಗೆಯುವರು. "ಮತ್ತ ಬಂತು ನೋಡ ಚಹಾ" ಎಂದು ಕಾಕಿ ಎದ್ದು ಒಳಗೆ ಹೋಗುವರು. ಎಪ್ಪತ್ತರ ದಶಕದಲ್ಲಿ ಹಡಗು ಬಿಟ್ಟು ಊರಿಗೇ ಬಂದ ಮೇಲೆ ಕಾಕಾ ಜಪಾನಿನ ಹೆಸರೇ ಎತ್ತಲಿಲ್ಲ...

ಈಗ ನನ್ನೆದುರಿನ ಗದ್ದೆಯಲ್ಲಿ ಮುದುಕನೊಬ್ಬ ಕಳೆ ಕೀಳುತ್ತಿದ್ದ. ಕಾಕಿಯ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಭಾಷೆ ಬರದು. ಪೈರಿನತ್ತ ಕೈ ತೋರಿಸಿದೆ, ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದೆ, ಯಾರು ಎಂಬಂತೆ ಕೈ ತಿರುವಿದೆ. ಆತ ನಗುತ್ತ ಎದ್ದು, ಬಾಗಿ ನಮಸ್ಕರಿಸಿ, ಮರದ ಕೆಳಗಿನ ಪುಟ್ಟ ಅಂಗಡಿಗೆ ಕರೆದೊಯ್ದು ಕೂರಿಸಿದ. ಒಳಗಿನಿಂದ ಒಂದು ಬಟ್ಟಲು ಬಂತು. ಹಸಿರು ಚಹಾ. ಭಾಳ ಕಹಿ.

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಾಕಾ ಇಲ್ಲಿಗೆ ಬಂದಿದ್ದರು, ಕೇಳಿಯೂ ಇದ್ದರು. ಹೋಗಿ ಕಾಕಿಗೆ ಹೇಳೋಣವೆಂದರೆ ಈಗ ಅವರಿಬ್ಬರೂ ಇಲ್ಲ. ಆ ಬೆಳೆ ಯಾರು ತಿನ್ನುತ್ತಾರೋ, ನನಗೂ ಗೊತ್ತಾಗಲಿಲ್ಲ.