ಒಳಗಿನ ಖೋಲಿಯ ಬಟ್ಟಲು

ಇವತ್ತು ಮುಂಜಾನೆ ನೆನೆಸಿದ ಕುಸುಬಿ ಬೀಜವನ್ನು ನಾನೇ ರುಬ್ಬಿದೆ. ಆ ಹಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಮನಾಬಾದಿನ ಈ ಅಡುಗೆಮನೆ ಮರೆಯಾಗಿ, ಇಪ್ಪತ್ತು ವರ್ಷಗಳ ಹಿಂದಿನ ಬಸವಕಲ್ಯಾಣದ ಒಂದು ಪಡಸಾಲೆ ಎದುರಿಗೆ ಬಂತು. ಹೊಟ್ಟೆಯ ವಿಷಯ ನಾಲ್ಕು ಜನರೆದುರು ಹೇಳುವಂಥದ್ದಲ್ಲ, ಗೊತ್ತು. ಆದರೆ ನನ್ನ ಬದುಕಿನ ಅರ್ಧ ಕತೆ ಹೊಟ್ಟೆಯದೇ. ಸ್ವಲ್ಪ ಸಹಿಸಿಕೊಳ್ಳಿ.

ಬಸವಕಲ್ಯಾಣದ ಶಾಲೆಗೆ ಗಣಿತದ ಮಾಸ್ತರನಾಗಿ ಹೋದಾಗ ನನಗೆ ಇಪ್ಪತ್ನಾಲ್ಕು. ಹಾಲು ಕುಡಿದರೆ ಪಾಠದ ನಡುವೆಯೇ ಹೊಟ್ಟೆ ಗುಡುಗುತ್ತಿತ್ತು. ಮಕ್ಕಳು ಕಿಟಕಿಯಾಚೆ ಮೋಡ ಹುಡುಕುತ್ತಿದ್ದವು. ಜೋಳದ ರೊಟ್ಟಿ ಉಂಡರೆ ಸಂಜೆಯವರೆಗೂ ಕಲ್ಲು ನುಂಗಿದಂತೆ. ಗೋದಿ ಅದಕ್ಕಿಂತ ಕೇಡು. ಹಾಲೂ ರೊಟ್ಟಿಯೂ ಒಲ್ಲೆ ಎಂದವನಿಗೆ ನಮ್ಮ ಕಡೆ ಮತ್ತೇನು ಉಳಿಯುತ್ತದೆ? ಹಕೀಮರು, ಡಾಕ್ಟರು, ಮಂಠಾಳದ ಸಂತೆಯಲ್ಲಿ ಸಿಕ್ಕ ಅಪರಿಚಿತರು, ಎಲ್ಲರದೂ ಒಂದೇ ಮಾತು: ಎಮ್ಮೆ ಹಾಲು ಕುಡಿ, ಗಟ್ಟಿಯಾಗುತ್ತೀ. ಕುಡಿದೆ. ಮೂರೇ ತಿಂಗಳಲ್ಲಿ ಅಂಗಿ ಗೂಟಕ್ಕೆ ಸಿಕ್ಕಿಸಿದಂತೆ ನನ್ನ ಮೇಲೆ ನೇತಾಡತೊಡಗಿತು. ಸಾಯುವುದಾದರೆ ಊರಲ್ಲಿ ಸಾಯೋಣ ಎಂದು ರಾಜೀನಾಮೆಯನ್ನೂ ಬರೆದಿಟ್ಟೆ.

ನಾನು ಬಾಡಿಗೆಗಿದ್ದ ಮನೆಯ ಒಡತಿ ಗುರುಬಸವ್ವ ಒಂಟಿ ಹೆಂಗಸು, ಮಾತು ಕಡಿಮೆ. ಒಂದು ದಿನ ನನ್ನ ಕೈಯ ಹಾಲಿನ ಲೋಟವನ್ನು ನೋಡಿ ಹೇಳಿದರು.

“ಮಾಸ್ತರ್ರ, ಆ ಹಾಲು ಚೆಲ್ಲಿ ಬರ್ರಿ. ಈ ಹೊಟ್ಟಿ ನಾ ಮೊದಲೇ ನೋಡೀನಿ.”

ಮರುದಿನದಿಂದ ನವಣೆಯ ಗಂಜಿ, ಜೊತೆಗೆ ಹಿತ್ತಾಳೆ ಬಟ್ಟಲಲ್ಲಿ ಬೆಲ್ಲ, ಶುಂಠಿ ಹಾಕಿದ ಕುಸುಬಿ ಹಾಲು. ಕುಸುಬಿ ಹಾಲಿನ ಹುಗ್ಗಿಯನ್ನು ನಾವೂ ಉಂಡವರೇ; ಅದೇ ದಿನನಿತ್ಯದ ಹಾಲಾಗಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಟ್ಟೆ ಮೊದಲ ಸಲ ಸುಮ್ಮನಾಯಿತು. ತಿಂಗಳೊಪ್ಪತ್ತಿನಲ್ಲಿ ಕೋಟೆಯ ಮೆಟ್ಟಿಲು ಹತ್ತುವಷ್ಟು ಕಸುವು ಬಂತು. ರಾಜೀನಾಮೆ ಹರಿದು ಹಾಕಿದೆ.

ಆದರೆ ಗುರುಬಸವ್ವ ದಿನವೂ ಎರಡು ಬಟ್ಟಲು ತುಂಬುತ್ತಿದ್ದರು. ಒಂದನ್ನು ಒಳಗಿನ ಖೋಲಿಯಲ್ಲಿ ಬರಿ ಮಣೆಯ ಮುಂದಿಟ್ಟು, ಹೊರಗಿನಿಂದ ಚಿಲಕ ಹಾಕಿ, ಇನ್ನೊಂದನ್ನು ನನಗೆ ಕೊಡುತ್ತಿದ್ದರು. ನಾನು ಕುಡಿದು ಮುಗಿಸಿದ ಮೇಲೆ ಅದನ್ನು ಹೊರಗೆ ತರುತ್ತಿದ್ದರು. ಹಾಲು ಒಂದು ಬೆರಳಿನಷ್ಟು ಇಳಿದಿರುತ್ತಿತ್ತು. ಬೆಕ್ಕು ಎಂದುಕೊಂಡೆ. ಗಣಿತದವನಿಗೆ ಬೆಕ್ಕು ಬಹಳ ಅನುಕೂಲದ ಪ್ರಾಣಿ. ಒಂದು ದಿನ ಬಾಗಿಲು ತೆರೆದಾಗ ಇಣುಕಿದೆ. ಆ ಖೋಲಿಗೆ ಕಿಟಕಿಯೇ ಇರಲಿಲ್ಲ.

ಕೇಳದೆ ಇರಲಾಗಲಿಲ್ಲ. ಹಾಲು ಸೋಸುತ್ತಲೇ ಹೇಳಿದರು. ಒಬ್ಬನೇ ಮಗ, ಬಂಡೆಪ್ಪ, ಹದಿನೆಂಟಕ್ಕೆ ಹೋದ. ಅವನದೂ ನನ್ನಂಥದೇ ಹೊಟ್ಟೆ. ಅವನು ಬಡಕಲಾದಷ್ಟೂ ಇವರು ಹೆಚ್ಚು ಹಾಲು ಕುಡಿಸಿದರು, ಒಲ್ಲೆ ಎಂದರೆ ಮೂಗು ಹಿಡಿದು. ಸಾವಾದ ಮನೆಯಲ್ಲಿ ಐದು ದಿನ ಹಾಲು ಕಾಯಿಸಬಾರದೆಂಬುದು ಆ ಮನೆಯ ರೂಢಿ. ಅದಕ್ಕೇ ಮೂರನೆಯ ದಿನದ ಎಡೆಗೆ ಕುಸುಬಿ ಅರೆದು ಹಾಲು ಮಾಡಿಟ್ಟಿದ್ದರು. ಎಡೆ ಇಟ್ಟು ಹೊರಗೆ ಹೋಗಿ ತಿರುಗಿ ಬಂದು ನೋಡಿದರೆ ಬಟ್ಟಲಿನ ಹಾಲು ಇಳಿದಿತ್ತು.

“ಹಾಲು ಅಂದ್ರ ಒಲ್ಲೆ ಅಂತಿದ್ದ. ಇದನ್ನ ಕುಡದ. ಅವತ್ತು ತಿಳೀತು ನನಗ, ಏನು ಕೊಡಬೇಕಿತ್ತು ಅಂತ.”

ಹಾಗಾದರೆ ಒಳಗಿಡುವುದು ಬಂಡೆಪ್ಪನ ಪಾಲೇ ಎಂದು ಕೇಳಿದೆ.

“ಇಲ್ರಿ. ಒಳಗ ಇಡೂದು ನಿಮ್ಮ ಪಾಲು, ಅದನ್ನ ಅವ ಕುಡೀತಾನ. ನೀವು ಕುಡಿಯೂದು ಅವಂದು. ಅವ ಬದುಕದ ವರ್ಷ ನೀವು ಬದುಕ್ರಿ.”

ಬಟ್ಟಲು ಮುಟ್ಟದೆ ಎದ್ದು ಶಾಲೆಗೆ ಹೋದೆ. ಎರಡು ದಿನ ಉಪವಾಸ ಮಾಡಿದೆ. ಮೂರನೆಯ ದಿನ ಕುಡಿದೆ. ಬದುಕುವ ಆಸೆ ಅಂಥದ್ದು, ಅದರಲ್ಲಿ ನಾನೇನೂ ವೀರನಲ್ಲ.

ಹುಮನಾಬಾದಿಗೆ ವರ್ಗವಾದಾಗ ಅವರು ಕೇಳಿದ್ದು ಒಂದೇ: ಅಲ್ಲಿಯೂ ಎರಡು ಬಟ್ಟಲು ಇಡಬೇಕು. ಹೂಂ ಎಂದು ಬಂದೆ. ಒಂದು ದಿನವೂ ಇಡಲಿಲ್ಲ. ಹೆಂಡತಿ ನಕ್ಕಾಳು ಎಂಬ ನಾಚಿಕೆ, ಆಮೇಲೆ ಮರೆವು. ಒಂದು ಕಾರ್ಡು ಕೂಡ ಬರೆಯಲಿಲ್ಲ.

ನಿನ್ನೆ ಮಾಣಿಕನಗರದಲ್ಲಿ ಗುರುಬಸವ್ವನ ನೆರೆಮನೆಯಾಕೆ ಸಿಕ್ಕಳು. ಗುರುಬಸವ್ವ ಹೋಗಿ ತಿಂಗಳಾಯಿತಂತೆ. ಕಡೆಯ ದಿನದವರೆಗೂ ಆ ಖೋಲಿಯಲ್ಲಿ ಬಟ್ಟಲು ಇಡುವುದು ಬಿಟ್ಟಿರಲಿಲ್ಲ. ಯಾರಿಗೆಂದು ಕೇಳಿದರೆ, “ಮಾಸ್ತರ್ರದು, ಅವರು ಅಲ್ಲಿ ಮರೀತಾರ,” ಎನ್ನುತ್ತಿದ್ದರಂತೆ. ನಾನು ತಪ್ಪಿಸಿದ್ದನ್ನು ಇಪ್ಪತ್ತು ವರ್ಷ ಅವರು ಇಟ್ಟಿದ್ದರು. ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅತ್ತೆ.

ಅದಕ್ಕೇ ಇವತ್ತು ರುಬ್ಬಿದ್ದು. ಒಂದು ಬಟ್ಟಲನ್ನು ಒಳಗೆ ಮಣೆಯ ಮುಂದಿಟ್ಟು ಬಾಗಿಲು ಹಾಕಿದೆ. ನನ್ನದು ಕುಡಿದು ಮುಗಿಸಿ ಬಾಗಿಲು ತೆರೆದೆ. ಹಾಲು ಎರಡು ಬೆರಳಿನಷ್ಟು ಇಳಿದಿತ್ತು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಹೆದರಿಕೆಯಾಗಲಿಲ್ಲ. ಅಡುಗೆಮನೆಗೆ ಹೋಗಿ ಇನ್ನೊಂದು ಬಟ್ಟಲು ತುಂಬಿ ತಂದು ಪಕ್ಕದಲ್ಲಿಟ್ಟೆ. ಈಗ ಒಳಗೆ ತಾಯಿ, ಮಗ ಇಬ್ಬರು.