ಯಮನಮ್ಮ ತೂಗಿದ ಖಾಲಿ ತೊಟ್ಟಿಲು

ರಾಯಚೂರಿನಲ್ಲಿ ಅಬ್ದುಲ್ ವಹೀದರ ಕ್ಯಾಸೆಟ್ ಅಂಗಡಿಯ ಮುಂದೆ ಒಂದು ಕರಿಹಲಗೆ ಇರುತ್ತಿತ್ತು. ಆ ವಾರ ಯಾವ ಕ್ಯಾಸೆಟ್ಟು ಹೆಚ್ಚು ಮಾರಿದೆಯೋ ಅದನ್ನು ಮೇಲಿನಿಂದ ಕೆಳಕ್ಕೆ ಒಂದರಿಂದ ಹತ್ತರವರೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ೧೯೮೩ರ ಬೇಸಿಗೆಯಲ್ಲಿ ಚೀಕಲಪರ್ವಿಯ ಯಮನಮ್ಮನ ಹೆಸರು ಹನ್ನೊಂದು ವಾರ ಆ ಹಲಗೆಯ ಮೇಲ್ತುದಿಯಲ್ಲಿತ್ತು. ಆ ಹನ್ನೊಂದು ವಾರಗಳಲ್ಲಿ ಒಂದೇ ಒಂದು ಮನೆಯವರೂ ಅವಳನ್ನು ತೊಟ್ಟಿಲಿಗೆ ಹಾಡಲು ಕರೆಯಲಿಲ್ಲ.

ಯಮನಮ್ಮ ಕುರಿ ಕಾಯುವ ಮನೆತನದವಳು. ನನ್ನ ಗಂಡ ಚೀಕಲಪರ್ವಿ ಶಾಲೆಯಲ್ಲಿ ಮಾಸ್ತರಾಗಿದ್ದಾಗ ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವಳದು. ನಾನಾಗ ಹೊಸದಾಗಿ ಸಂಸಾರಕ್ಕೆ ಬಂದವಳು. ಸಂಜೆ ಹೊಸ್ತಿಲಲ್ಲಿ ಕೂತು ಡೈರಿ ಬರೆಯುವುದನ್ನು ನೋಡಿ ಅವಳು ನಗುತ್ತಿದ್ದಳು.

"ಏನ್ ಬರೀತಿ ತಂಗಿ ದಿನಾ? ಹಾಲು ಉಕ್ಕಿದ್ದು, ಅತ್ತಿ ಬೈದಿದ್ದು?"

"ಅದನ್ನೂ ಬರೀತೀನಿ."

"ಬರಿ ಬರಿ. ನನ್ನ ಡೈರಿ ಮಂದಿ ಬಾಯಾಗ ಅದ. ಇಲಿ ಕಡಿಯಂಗಿಲ್ಲ, ಮಳಿಗೆ ತೊಯ್ಯಂಗಿಲ್ಲ."

ಅದು ಜಂಬವಲ್ಲ. ಮಾನ್ವಿ ತಾಲ್ಲೂಕಿನ ಊರೂರಲ್ಲಿ ಕೂಸಿಗೆ ಹೆಸರಿಡುವ ದಿನ ಹಾಡುತ್ತಿದ್ದವಳು ಅವಳೇ. ಹಿಂದಿನ ದಿನವೇ ಹೋಗಿ ಒಲೆಯ ಮುಂದೆ ಕೂತು ಬಿಡುತ್ತಿದ್ದಳು. ಬಸುರಿಯಲ್ಲಿ ಏನು ತಿನ್ನಬೇಕೆನಿಸಿತು, ಬ್ಯಾನೆ ಬಂದಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಅಜ್ಜ ಎಂಥವನು, ಕೊಟ್ಟಿಗೆಯಲ್ಲಿ ಎಷ್ಟು ದನ ಎಂದೆಲ್ಲ ಕೇಳಿ ಕೇಳಿ ಆ ಮನೆಗೆ ಮಾತ್ರ ಒಗ್ಗುವ ಪದ ಕಟ್ಟುತ್ತಿದ್ದಳು. ಒಂದು ಮನೆಯ ಪದ ಇನ್ನೊಂದು ಮನೆಗಿಲ್ಲ. ಹಿರೇಕೊಟ್ನೆಕಲ್ಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ನೀರು ಸೇದುತ್ತ ತನ್ನ ಹೆಸರಿನ ಪದವನ್ನು ತಾನೇ ಹಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. 'ನಮ್ಮ ಮನಿ ಪದ' ಎನ್ನುತ್ತಾರೆ ಹೆಂಗಸರು, ನಮ್ಮ ಮನಿ ಬಾವಿ ಎಂದ ಹಾಗೆ.

ಇಂಥದೊಂದು ತೊಟ್ಟಿಲಲ್ಲಿ ಅವಳ ದನಿ ಕೇಳಿದ ಅಬ್ದುಲ್ ವಹೀದ್ ಒಂದು ಕ್ಯಾಸೆಟ್ ಮಾಡೋಣ ಎಂದು ಬೆನ್ನು ಹತ್ತಿದರು. ಏಪ್ರಿಲ್‌ನಲ್ಲಿ ಯಮನಮ್ಮ ಒಪ್ಪಿದಳು. ಅಷ್ಟರಲ್ಲಿ ನಮಗೆ ಮಾನ್ವಿಗೆ ವರ್ಗವಾಗಿತ್ತು. ನನಗೆ ಐದು ತಿಂಗಳು ತುಂಬಿತ್ತು. ರಾಯಚೂರಿನ ದವಾಖಾನೆಗೆ ಹೇಗೂ ತೋರಿಸಿಕೊಳ್ಳಬೇಕಿತ್ತು. ಕಾಗದ ಓದಿ ಹೇಳಲು ಒಬ್ಬರು ಬೇಕೆಂದು ಅವಳು ಕರೆದಳು, ಹೋದೆ. ಹೋಗಬಾರದಿತ್ತೇನೋ.

ಅಂಗಡಿಯ ಹಿಂದಿನ ಕೋಣೆ. ಗೋಡೆಗೆಲ್ಲ ಕೌದಿ ಹೊಡೆದಿದ್ದರು. ಕಿಟಕಿ ಇಲ್ಲ. ಸದ್ದಾಗುತ್ತದೆಂದು ಫ್ಯಾನೂ ಆರಿಸಿದ್ದರು. ಮೈಕಿನ ಮುಂದೆ ಹಾಸಿದ ಚಾಪೆಯ ಮೇಲೆ ಕೂತ ಯಮನಮ್ಮ ಸುತ್ತ ನೋಡಿದಳು.

"ತೊಟ್ಟಿಲೆಲ್ಲಿ?"

"ತೊಟ್ಟಿಲು ಯಾಕ್ರೀ ಅಮ್ಮಾ?" ಎಂದರು ವಹೀದ್. "ಮಷೀನ್‌ಗೆ ಬರೇ ಆವಾಜ್ ಸಾಕು."

"ಕೂಸಿಲ್ಲದ ತೊಟ್ಟಿಲು ತೂಗಬಾರದು, ಸಾಹೇಬ್ರ. ಹೆಸರಿಲ್ದ ಹಾಡಬಾರದು. ಖಾಲಿ ಅದ ಅಂತ ಬ್ಯಾರೆ ಯಾರರ ಬಂದು ಮಲಗ್ತಾರ."

"ಯಾರು ಬರ್ತಾರ್ರೀ? ಬಾಗಲಾ ಹಾಕೀನಿ."

"ಅವ್ರಿಗೆ ಬಾಗಲಾ ಯಾಕ ಬೇಕು?"

ಕೌದಿಯ ಕೋಣೆಯಲ್ಲಿ ಆ ಮಾತು ಬಿದ್ದಲ್ಲೇ ಕೂತಿತು. ನಮ್ಮ ಕಡೆ ಕೂಸನ್ನು ಮಲಗಿಸುವ ಮುಂಚೆ ತೊಟ್ಟಿಲಲ್ಲಿ ಒಂದು ಗುಂಡುಕಲ್ಲು ಇಡುತ್ತಾರೆ. ಕೂಸು ಬರುವವರೆಗೆ ಜಾಗ ಹಿಡಿಯಲಿ ಎಂದು. "ಒಂದು ಗುಂಡುಕಲ್ಲರ ತರಸ್ರಿ" ಎಂದಳು ಯಮನಮ್ಮ. ಪೇಟೆಯ ನಡುವೆ ಅರೆಯುವ ಕಲ್ಲು ಎಲ್ಲಿ ಹುಡುಕಲಿ ಎಂದು ವಹೀದ್ ಗಡಿಯಾರ ನೋಡಿಕೊಂಡರು. ಮಧ್ಯಾಹ್ನಕ್ಕೆ ಕರೆಂಟ್ ಹೋಗುವುದಿತ್ತು. "ಜಲ್ದಿ ಮಾಡ್ರೀ ಅಮ್ಮಾ, ಯಾವುದರ ಒಂದು ಹೆಸರು ಹಾಕ್ರಿ."

ಯಮನಮ್ಮ ನನ್ನ ಕಡೆ ತಿರುಗಿದಳು. ನನ್ನ ಮುಖವನ್ನಲ್ಲ, ಹೊಟ್ಟೆಯನ್ನು ನೋಡಿದಳು. ನನಗೆ ತಿಳಿಯುವಷ್ಟರಲ್ಲಿ ಎಡಗೈ ಚಾಚಿ ನನ್ನ ಸೀರೆಯ ಸೆರಗು ಹಿಡಿದು ತೊಟ್ಟಿಲ ಹಗ್ಗದಂತೆ ಮೆಲ್ಲಗೆ ಜಗ್ಗುತ್ತ ಹಾಡಿಬಿಟ್ಟಳು.

ಹೊಳಿದಂಡಿ ಗಾಳಿಯ ತಡದು ತೊಟ್ಟಿಲ ಕಟ್ಟಿ
ಬಿಳಿಜೋಳದ ತೆನಿಯಂಥ ಅಮರಮ್ಮ ಮಲಗ್ಯಾಳ
ಹೊಸ್ತಿಲ ದಾಟಬ್ಯಾಡ, ಗಾಳೆವ್ವ, ಹೊರಗಿರು.

ಎಂಥ ದನಿ ಅದು! ಒಳಗಿದ್ದ ಕೂಸು ಹೊರಳಿತು. ಅದೇ ಮೊದಲ ಸಲ ಅದು ಅಲುಗಾಡಿದ್ದು. ಹುಟ್ಟುವ ಮುಂಚೆ ಕೂಸಿಗೆ ಹೆಸರು ಹಿಡಿಯಬಾರದು, ತೊಟ್ಟಿಲು ಸಹ ತರಬಾರದು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದಳು.

"ತಪ್ಪಾತು ತಂಗಿ. ಖಾಲಿ ತೊಟ್ಟಿಲಕಿಂತ ಇದು ಬೇಷಿ ಅನಸ್ತು."

ಆ ದಿನದ ಡೈರಿಯಲ್ಲಿ ದವಾಖಾನೆಯವರು ಕೊಟ್ಟ ಗುಳಿಗೆಯ ಹೆಸರು ಬರೆದಿದ್ದೇನೆ. ಈ ವಿಷಯ ಬರೆದಿಲ್ಲ.

ಮೇ ತಿಂಗಳ ನಡುವೆ ಕ್ಯಾಸೆಟ್ಟು ಬಂತು. ಹಿಟ್ಟಿನ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ದೇವದುರ್ಗದ ಬಸ್ಸಿನಲ್ಲಿ, ಮಾನ್ವಿಯ ಸಂತೆಯಲ್ಲಿ ಎಲ್ಲಿ ಹೋದರೂ ಅಮರಮ್ಮ ಮಲಗಿದ್ದಳು. ಇನ್ನೂ ಹುಟ್ಟದ ನನ್ನ ಕೂಸನ್ನು ಊರೆಲ್ಲ ಹೆಸರು ಹಿಡಿದು ಕೂಗುತ್ತಿತ್ತು. ನಾನು ಸಂತೆಗೆ ಹೋಗುವುದು ಬಿಟ್ಟೆ.

ಯಮನಮ್ಮನಿಗೆ ಓದಲು ಬರದು. ರಾಯಚೂರಿಗೆ ಹೋಗಿಬಂದವರನ್ನೆಲ್ಲ ಹಿಡಿದು "ಹಲಗಿ ಮ್ಯಾಲ ಎಷ್ಟನೇದು ಅದೀನಿ?" ಎಂದು ಕೇಳುತ್ತಿದ್ದಳು. ಒಂದನೆಯದು ಎಂದರೆ ಮೊದಮೊದಲು ನಗುತ್ತಿದ್ದಳು. ಆಮೇಲೆ ಸುಮ್ಮನೆ ತಲೆ ಆಡಿಸುತ್ತಿದ್ದಳು. ಜೂನ್ ಕೊನೆಗೆ ನಮ್ಮ ಮನೆಗೆ ಬಂದವಳು ಕಟ್ಟೆಯ ಮೇಲೆ ಕೂತು ಹೇಳಿದಳು:

"ಈ ತಿಂಗಳು ಏಳು ಊರಾಗ ತೊಟ್ಟಿಲಾತು. ಏಳೂ ಕಡಿ ನಾನೇ ಹಾಡೀನಿ. ಒಂದು ಕಡಿನೂ ನನ್ನ ಕರದಿಲ್ಲ."

"ಹಂಗಂದ್ರ?"

"ಟೇಪ್ ಹಚ್ಚತಾರ ಬೇ. ಟೇಪಿಗೆ ಗುಗ್ಗರಿ ಕೊಡೋದು ಬ್ಯಾಡ, ಕೂಡಾಕ ಮಣಿ ಬ್ಯಾಡ. ನಾನು ಹೋದ್ರ ಅಜ್ಜನ ಸುದ್ದಿ ಕೇಳ್ತೀನಿ, ಒಲಿ ಮುಂದ ಅಡ್ಡ ಕೂಡ್ತೀನಿ." ನನ್ನ ಕಡೆ ತಿರುಗಿ ಅಂದಳು, "ಎಲ್ಲಾ ಕೂಸಿಗೂ ನಿನ್ನ ಮಗಳ ಹೆಸರು ಹಚ್ಚಿ ತೂಗಾಕತ್ಯಾರ ತಂಗಿ. ಅದಕ್ಕ ಅಂಜಿಕಿ ನನಗ."

ಮಗಳು ಎಂದಳು. ಮಗಳೋ ಮಗನೋ ಆಗ ಯಾರಿಗೆ ಗೊತ್ತಿತ್ತು?

ಅವಳು ಅಂಜಿದ್ದು ಜುಲೈಯಲ್ಲಿ ಬಾಗಲವಾಡದಿಂದ ಬಂತು. ನನ್ನ ಅತ್ತೆ ಪಾರ್ವತೆಮ್ಮನ ತಂಗಿ ಬೂದೆಮ್ಮನ ಮನೆ ಅಲ್ಲಿ. ಅವಳ ಮೊಮ್ಮಗನಿಗೆ ಆದೆಪ್ಪ ಎಂದು ಹೆಸರಿಟ್ಟರು. ತೊಟ್ಟಿಲ ಪಕ್ಕದಲ್ಲಿ ಟೇಪ್ ಇಟ್ಟು ಅದೇ ಪದ ಹಚ್ಚಿದ್ದರು. ಕೂಸಿನ ಸೋದರತ್ತೆ ಅದರ ಕಿವಿಯಲ್ಲಿ ಆದೆಪ್ಪ ಎಂದಳು, ಟೇಪು ಅಮರಮ್ಮ ಎಂದಿತು. ಎಲ್ಲರೂ ನಕ್ಕರಂತೆ. ಹೆಸರಿಟ್ಟ ಆರನೆಯ ದಿನ ಕೂಸು ತೀರಿಕೊಂಡಿತು.

ಅದು ಭೇದಿ. ಮಳೆ ಬಿದ್ದು ಹೊಸ ನೀರು ಬಂದಿತ್ತು, ಆ ಓಣಿಯಲ್ಲಿ ದೊಡ್ಡವರೇ ಮಲಗಿದ್ದರು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸಿದ್ದರೆ ಉಳಿಯುತ್ತಿತ್ತು ಎಂದು ನನಗೆ ಗೊತ್ತು. ಅದನ್ನು ಅತ್ತೆಗೆ ಹೇಳಿದೆ ಕೂಡ. ಅತ್ತೆ ನನ್ನ ಮಾತು ಕೇಳುತ್ತಲೇ ನನ್ನ ಹೊಟ್ಟೆಯನ್ನು ನೋಡುತ್ತಿದ್ದರು. ಹದಿನೈದು ದಿನದಲ್ಲಿ ತಾಲ್ಲೂಕಿಗೆಲ್ಲ ಮಾತು ಹಬ್ಬಿತು. ಯಮನಮ್ಮ ಕೂಸಿಲ್ಲದ ತೊಟ್ಟಿಲಿಗೆ ಹಾಡಿದ್ದಾಳೆ, ಖಾಲಿ ತೊಟ್ಟಿಲಿಗೆ ಬಂದದ್ದು ಈಗ ಮನೆಮನೆಯ ಕೂಸನ್ನು ತೊಟ್ಟಿಲಿಂದ ಹೊರಗೆ ಹಾಕುತ್ತಿದೆ ಎಂದು. ಟೇಪು ಹಚ್ಚುವುದೂ ನಿಂತಿತು, ಅವಳನ್ನು ಕಂಡರೆ ಬಾಣಂತಿಯರ ಮನೆಯ ಬಾಗಿಲು ಮುಚ್ಚುವುದೂ ಶುರುವಾಯಿತು. ಕರಿಹಲಗೆಯಲ್ಲಿ ಅವಳು ನಾಲ್ಕಕ್ಕೆ ಇಳಿದಳು, ಒಂಬತ್ತಕ್ಕೆ ಇಳಿದಳು, ಮುಂದಿನ ಶುಕ್ರವಾರ ಅಳಿಸಿಹೋದಳು. ವಹೀದ್ ಮಾತ್ರ ಎದೆಗೆಡಲಿಲ್ಲ. ಹಲಗೆ ಇರುವುದೇ ಒರೆಸಲಿಕ್ಕೆ, ಇನ್ನೊಂದು ಕ್ಯಾಸೆಟ್ ಹಾಡಿದರೆ ಮತ್ತೆ ಮೇಲೆ ಬರುತ್ತೀರಿ ಎಂದು ಹೇಳಿ ಕಳಿಸಿದರು. ಯಮನಮ್ಮ ಒಲ್ಲೆ ಎಂದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮನೆಯ ಕರೆ.

ಆಗಸ್ಟಿನಲ್ಲಿ ನನಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಎರಡು ದಿನ ಇರುವಾಗ ಯಮನಮ್ಮ ಬಂದಳು. ಹೊಸ್ತಿಲ ಆಚೆಯೇ ನಿಂತಳು.

"ಯಾಕ ಬಂದಿ ಬೇ?" ಎಂದರು ಅತ್ತೆ. "ನಮ್ಮ ಬೂದೆಮ್ಮನ ಮನಿ ತೊಳದದ್ದು ಸಾಲಲಿಲ್ಲೇನು?"

"ಹೌದವ್ವ, ಬೈ. ಬೈಸಿಗೊಳ್ಳಾಕೇ ಬಂದೀನಿ." ನನ್ನ ಕಡೆ ನೋಡಿದಳು. "ತಂಗಿ, ಕೂಸಿಗೆ ಅಮರಮ್ಮ ಅಂತಾನೇ ಹೆಸರಿಡು. ಕರದೀವಿ, ಬಂದಾಳ. ಬ್ಯಾರೆ ಹೆಸರಿಟ್ರ ಆ ಹೆಸರು ಎಲ್ಲಿ ಹೋಗಬೇಕು? ಓಣಿ ಓಣಿ ತಿರಗ್ತದ."

"ಮಂದಿ ಉಗುಳಿದ ಹೆಸರು ನನ್ನ ಮೊಮ್ಮಗಳಿಗೆ!" ಎಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನನ್ನ ಗಂಡ ಮೂಢನಂಬಿಕೆ ಎಂದು ಹೇಳಿ ಶಾಲೆಗೆ ಹೋದರು. ಗಂಡಸರಿಗೆ ಹೋಗಲು ಶಾಲೆ ಇರುತ್ತದೆ. ನಾನು ಕೂಸಿಗೆ ಹಾಲು ಕೊಡುತ್ತ ಲೆಕ್ಕ ಹಾಕಿದೆ. ನಾನು ಕರೆಯದಿದ್ದರೆ ಈ ಹೆಂಗಸನ್ನು ಇನ್ನು ಯಾರೂ ಕರೆಯುವುದಿಲ್ಲ. ಆ ಪದ ಯಾರ ಕೂಸಿನ ಮೇಲೆ ಕಟ್ಟಿದ್ದೋ ಆ ತಾಯಿಯೇ ಅಂಜಿದಳು ಎಂದಾಗುತ್ತದೆ. ಕರೆದರೆ, ನಾಳೆ ಕೂಸಿಗೆ ಸಣ್ಣ ಜ್ವರ ಬಂದರೂ ನಾನೇ ತಂದುಕೊಂಡದ್ದು. ಮೊಲೆ ಬಿಟ್ಟು ಕೂಸು ಯಮನಮ್ಮನ ದನಿ ಬಂದ ಕಡೆ ಕುತ್ತಿಗೆ ತಿರುಗಿಸಿತು.

"ಟೇಪಲ್ಲ. ನೀನೇ ಬಂದು ಹಾಡು," ಎಂದೆ. "ಕೈ ಸಾಬೂನು ಹಚ್ಚಿ ತೊಳಕೊಂಡು ಬಾ."

ಹೆಸರಿಡುವ ದಿನ ಓಣಿಯ ಹೆಂಗಸರು ಬಂದರು, ಆದರೆ ಗೋಡೆಗೆ ಆನಿಕೊಂಡೇ ನಿಂತರು. ತಮ್ಮ ಮಕ್ಕಳನ್ನು ಯಾರೂ ತಂದಿರಲಿಲ್ಲ. ಬಾಗಲವಾಡದಿಂದ ಬೂದೆಮ್ಮ ಬಂದು ಮೂಲೆಯಲ್ಲಿ ಕೂತಿದ್ದಳು. ಏನು ಮಾಡಲು ಬಂದಿದ್ದಾಳೋ ಎಂದು ಎಲ್ಲರ ಕಣ್ಣು ಅವಳ ಮೇಲೆ. ತೊಟ್ಟಿಲಲ್ಲಿ ಗುಂಡುಕಲ್ಲು ಇಟ್ಟಿದ್ದರು. ಇನ್ನು ಅದನ್ನು ತೆಗೆದು ಕೂಸನ್ನು ಮಲಗಿಸಬೇಕು. ಯಮನಮ್ಮ ಕೈ ಅಡ್ಡ ಹಿಡಿದಳು.

"ಬೂದೆವ್ವ," ಎಂದಳು, "ನಿನ್ನ ಮೊಮ್ಮಗನ ಪದ ನಾ ಕಟ್ಟಲಿಲ್ಲ. ಕಟ್ಟಬೇಕಿತ್ತು. ಬ್ಯಾನಿ ಬಂದಾಗ ಗಾಳಿ ಯಾವ ಕಡಿಯಿಂದ ಬೀಸ್ತಿತ್ತು?"

ಅತ್ತೆ "ಶುಭದ ದಿನ ಸತ್ತವರ ಮಾತೇನು!" ಎಂದು ಚೀರಿದರು. ಇಬ್ಬರು ಹೆಂಗಸರು ಬಾಗಿಲ ಕಡೆ ಸರಿದರು. ನಾನು ಕೂಸನ್ನು ಎದೆಗೆ ಒತ್ತಿಕೊಂಡೆ.

ಬೂದೆಮ್ಮ ನೆಲ ನೋಡುತ್ತಲೇ, "ಮೂಡಣ ಗಾಳಿ," ಎಂದಳು. "ಎತ್ತು ಎರಡೂ ಎದ್ದು ನಿಂತಿದ್ವು. ಒಂದಕ್ಕ ಹಣಿ ಮ್ಯಾಲ ಬಿಳಿ ಚುಕ್ಕಿ. ಅವನ ಹಣಿಮ್ಯಾಲೂ ಇತ್ತು, ಇಷ್ಟಗಲ."

ಯಮನಮ್ಮ ಕಲ್ಲಿದ್ದ ತೊಟ್ಟಿಲನ್ನು ತೂಗುತ್ತ ಆದೆಪ್ಪನ ಪದ ಹಾಡಿದಳು. ಮೂಡಣ ಗಾಳಿ ಬಂತು, ಎತ್ತು ಎದ್ದು ನಿಂತವು, ಹಣೆಯ ಚುಕ್ಕಿ ಬಂತು. ಬೂದೆಮ್ಮ ಎದ್ದು ಬಂದು ಹಗ್ಗಕ್ಕೆ ತನ್ನ ಕೈಯನ್ನೂ ಹಚ್ಚಿದಳು. ಪದ ಮುಗಿದ ಮೇಲೆ ಯಮನಮ್ಮ ಕಲ್ಲನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು. ಅನಂತರ ನನ್ನ ಕೈಯಿಂದ ಕೂಸನ್ನು ಇಸಿದುಕೊಂಡು ಮಲಗಿಸಿ ಅಮರಮ್ಮ ಎಂದು ಕರೆದು ಹಾಡಿದಳು. ಟೇಪಿನ ಪದವಲ್ಲ, ಹೊಸದು. ನಾನು ಬಸುರಿಯಲ್ಲಿ ಹಸಿ ಹುಣಸೆಕಾಯಿ ಕದ್ದು ತಿಂದದ್ದೂ ಅದರಲ್ಲಿತ್ತು. ಅದಕ್ಕೆ ಅತ್ತೆಯೂ ನಕ್ಕರು.

ಗುಗ್ಗರಿ ಕಟ್ಟಿಕೊಳ್ಳುತ್ತ ಬೂದೆಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ದೀಪಾವಳಿ ಮುಂದ ನನ್ನ ತಮ್ಮನ ಸೊಸಿದು ತೊಟ್ಟಿಲದ. ನೀ ಬರಬೇಕು."

ಅದೇ ಕರೆ. ಅದರ ಹಿಂದೆ ಉಳಿದವು ಬಂದವು. ಕೂಸು ಕಳೆದುಕೊಂಡ ಮನೆಗಳೂ ಕರೆಯತೊಡಗಿದವು. ವಹೀದರ ಹಲಗೆಯ ಮೇಲೆ ಅನಂತರ ಎಷ್ಟೋ ಹೆಸರು ಬಂದು ಹೋದವು. ಆ ಪೈಕಿ ಒಂದೂ ನನಗೆ ನೆನಪಿಲ್ಲ. ಬಾಗಲವಾಡದಲ್ಲಿ ಆದೆಪ್ಪನ ಪದ ಈಗಲೂ ಇದೆ. ಬೂದೆಮ್ಮ ರೊಟ್ಟಿ ಬಡಿಯುತ್ತ ಹಾಡುತ್ತಾಳೆ.

ಇಲ್ಲಿಗೆ ಮುಗಿಸಿದ್ದರೆ ನನಗೂ ಸಮಾಧಾನವಿತ್ತು. ನಮಗೀಗ ದೇವದುರ್ಗಕ್ಕೆ ವರ್ಗವಾಗಿದೆ. ಮಗಳಿಗೆ ಆರು ವರ್ಷ, ಗಟ್ಟಿಮುಟ್ಟಾಗಿದ್ದಾಳೆ, ಲಸಿಕೆ ಎಲ್ಲ ಹಾಕಿಸಿದ್ದೇನೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಾವುದೋ ಲಾರಿಯಲ್ಲಿ ಆ ಹಳೆಯ ಕ್ಯಾಸೆಟ್ಟು ಹಚ್ಚಿದ್ದರು. ಟೇಪು ಸವೆದು ದನಿ ಎಳೆಯುತ್ತಿತ್ತು, ಯಮನಮ್ಮನದೇ ಅಲ್ಲ ಎನ್ನುವ ಹಾಗೆ. ಮಗಳು ನನ್ನ ಕೈ ಬಿಡಿಸಿಕೊಂಡು ರಸ್ತೆಯ ಕಡೆ ಎರಡು ಹೆಜ್ಜೆ ಇಟ್ಟಳು.

"ಎಲ್ಲಿಗೆ?"

"ಯಾರೋ ಕರದ್ರಲ್ಲ, ಯವ್ವಾ."

ಎಳೆದುಕೊಂಡೆ. ಲಾರಿ ನಮ್ಮ ಮುಂದೆಯೇ ಹಾದುಹೋಯಿತು.

ಮೊನ್ನೆ ಚೀಕಲಪರ್ವಿಗೆ ಹೋಗಿ ಯಮನಮ್ಮನಿಗೆ ಇದನ್ನು ಹೇಳಿದೆ. ಅವಳು ಯಾರದೋ ತೊಟ್ಟಿಲಿಗೆ ಹೊರಟು ನಿಂತಿದ್ದಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟು ಮಗಳನ್ನು ಹತ್ತಿರ ಕರೆದು, ಗಲ್ಲ ಹಿಡಿದು ಹೇಳಿದಳು:

"ಮೂರು ಸಲ ಕರಿಯೋತನಕ ಓ ಅನಬ್ಯಾಡವ್ವ. ನಿಮ್ಮವ್ವ ಮೂರು ಸಲ ಕರೀತಾಳ. ಟೇಪಿನಾಗ ನಾ ಕರದಿದ್ದು ಒಂದೇ ಸಲ."

ಅಂದಿನಿಂದ ಊಟಕ್ಕೆ ಕರೆದರೂ ಮೂರು ಸಲ ಕರೆಯುತ್ತೇನೆ. ಅವಳು ಎಣಿಸಿಕೊಂಡು ಬರುತ್ತಾಳೆ.