ಅಂಬವ್ವನ ಪಾಳಿ

ಅಂಬವ್ವ ಯಾದಗಿರಿಯ ದವಾಖಾನೆಗೆ ಮೊದಲ ಸಲ ಬಂದದ್ದು ಕೆಲಸ ಕೇಳಿಕೊಂಡಲ್ಲ. ನಿಜಾಮರ ಆಳ್ವಿಕೆ ಮುಗಿದು ಹೈದರಾಬಾದ ಸೀಮೆ ಹಿಂದೂಸ್ತಾನಕ್ಕೆ ಸೇರಿದ ಮರುವರ್ಷ ಅದು. ಮೂರು ವರ್ಷದ ಮಗಳು ಭೀಮಮ್ಮನನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ರಾಮಸಮುದ್ರದಿಂದ ನಡೆದೇ ಬಂದಿದ್ದಳು. ಕೂಸಿನ ಪಕ್ಕೆ ಉಸಿರು ಉಸಿರಿಗೂ ಒಳಕ್ಕೆ ಸೇದುತ್ತಿತ್ತು. ಗಂಡ ಮಲ್ಕಪ್ಪ ಕುರಿ ಹೊಡೆದುಕೊಂಡು ಭೀಮಾ ನದಿಯ ದಂಡೆಗುಂಟ ಎಲ್ಲೋ ದೂರ ಹೋಗಿದ್ದ. ಹೇಳಿ ಕಳಿಸಲು ಜನವಿರಲಿಲ್ಲ, ಕಾಯಲು ಹೊತ್ತೂ ಇರಲಿಲ್ಲ.

ಹೆಂಗಸರ ವಾರ್ಡಿನ ಬಾಗಿಲಲ್ಲಿ ಬಿಳಿ ಸೀರೆಯ, ಎತ್ತರದ ಹೆಂಗಸೊಬ್ಬಳು ಎದುರಾದಳು. ಆಕೆ ಅಲ್ಲಿನ ಹಳೆಯ ಆಯಾ, ಖುರ್ಷೀದಬೇಗಂ.

"ಕೂಸಿಗಿ ಮಲಗಸಬ್ಯಾಡವ್ವಾ, ಎತ್ತಿ ಹಿಡಿ. ಹಿಂಗ, ಹೆಗಲಿಗಿ ಹಚ್ಚಿ ಹಿಡಿ. ಡಾಕ್ಟರ್ ಸಾಬ ಬರಾಕತ್ತ್ಯಾರ."

ಆಕೆ ಹಾಗೆಂದು ಅಂಬವ್ವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಡಾಕ್ಟರು ಬಂದು ಸೂಜಿ ಚುಚ್ಚಿ ಹೋಗುವವರೆಗೂ ಆ ಕೈ ತೆಗೆಯಲಿಲ್ಲ.

ಭೀಮಮ್ಮ ಉಳಿದಳು. ಆದರೆ ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಸುಮ್ಮನೆ ಕೂತು ಅಂಬವ್ವನಿಗೆ ರೂಢಿಯಿಲ್ಲ. ಮಗಳು ನಿದ್ದೆ ಹೋದಾಗ ನೀರು ಸೇದಿ ತಂದಳು, ಪಕ್ಕದ ಹಾಸಿಗೆಯ ಮುದುಕಿಯ ಬಟ್ಟೆ ಒಗೆದಳು, ಬಾಣಂತಿಯೊಬ್ಬಳ ತಲೆ ಬಾಚಿದಳು. ಇದನ್ನೆಲ್ಲ ನೋಡುತ್ತಿದ್ದ ಖುರ್ಷೀದಬೇಗಂ ಒಂದು ದಿನ ಡಾಕ್ಟರ ಮುಂದೆ ಅವಳ ಹೆಸರೆತ್ತಿದಳು. ಆಯಾ ಒಬ್ಬಳ ಜಾಗ ಖಾಲಿಯಿತ್ತು. ತಿಂಗಳ ಮೇಲೆ ಮಲ್ಕಪ್ಪ ಹುಡುಕಿಕೊಂಡು ಬಂದಾಗ ಹೆಂಡತಿ ಬಿಳಿ ಸೀರೆಯುಟ್ಟು ಒಲೆಯ ಮುಂದೆ ಹಂಡೆ ನೀರು ಕಾಯಿಸುತ್ತಿದ್ದಳು. ಆತ ಕೋಲನ್ನು ಗೋಡೆಗೆ ಒರಗಿಸಿದ. ಮಗಳನ್ನು ಎತ್ತಿಕೊಂಡು ಅವಳ ಪಕ್ಕೆಗೆ ಕಿವಿ ಹಚ್ಚಿ ಉಸಿರು ಕೇಳಿದ.

"ಕೂಸ ಉಳದದ ಅಲ್ಲ? ಮಾಡು ಮತ್ತ," ಅಂದ. ಅವರ ಮನೆಯಲ್ಲಿ ಆ ವಿಷಯಕ್ಕೆ ಮತ್ತೆ ಚರ್ಚೆ ಆಗಲಿಲ್ಲ.

ಖುರ್ಷೀದಬೇಗಂಳನ್ನು ಅಂಬವ್ವ 'ಆಪಾ', ಅಂದರೆ ಅಕ್ಕ, ಎಂದು ಕರೆಯತೊಡಗಿದಳು. ನಿಜಾಮರ ಆಳ್ವಿಕೆ ಮುಗಿದ ಗಲಾಟೆಯ ವರ್ಷ ಮನೆಬಿಟ್ಟು ಹೋದ ಆಪಾಳ ಗಂಡ ತಿರುಗಿ ಬಂದಿರಲಿಲ್ಲ. ಆ ಮಾತನ್ನು ಆಕೆ ಯಾರೊಂದಿಗೂ ಆಡುತ್ತಿರಲಿಲ್ಲ. ಕೆಲಸ ಹೇಳಿಕೊಡುವಾಗ ಮಾತ್ರ ಆಕೆಯ ಬಾಯಿ ತುಂಬ ಮಾತು. ರೋಗಿಯ ಸೊಂಟದ ಕೆಳಗೆ ಕೈ ಹೇಗೆ ತೂರಿಸಬೇಕು, ಮಲದ ಪಾತ್ರೆ ತೆಗೆಯುವಾಗ ರೋಗಿಗೆ ನಾಚಿಕೆಯಾಗದ ಹಾಗೆ ಮುಖ ಹೇಗೆ ಇಟ್ಟುಕೊಳ್ಳಬೇಕು, ನೋವು ತಿನ್ನುವವಳ ಮುಂಗೈ ಹಿಡಿಯಬೇಕೋ ಅಂಗೈ ಹಿಡಿಯಬೇಕೋ, ಎಲ್ಲವನ್ನೂ ಕಲಿಸಿದಳು.

ಒಂದು ಮಳೆಗಾಲದಲ್ಲಿ ಸುರಪುರದ ಕಡೆಯ ಬಂಡಿಯೊಂದು ದವಾಖಾನೆಯ ಗೇಟಿಗೆ ಬಂದು ನಿಂತಿತು. ಹಳ್ಳ ತುಂಬಿ ದಾರಿಯಲ್ಲೇ ಒಂದು ದಿನ ಸಿಕ್ಕಿಕೊಂಡಿದ್ದರಂತೆ. ಒಳಗೆ ಹೆತ್ತ ಹೆಂಗಸು ರಕ್ತದಲ್ಲಿ ಮಲಗಿದ್ದಳು. ಡಾಕ್ಟರನ್ನು ಕರೆಯಲು ಒಬ್ಬರು ಓಡಿದರು. ಅಂಬವ್ವ ಮತ್ತು ಆಪಾ ಬಂಡಿ ಹತ್ತಿ ಅವಳ ಎರಡೂ ಕೈ ಹಿಡಿದು ಕೂತರು. ಅದರಾಚೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ಡಾಕ್ಟರು ಓಡುತ್ತ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮೊದಲೇ ತಡ ಆಗಿತ್ತು," ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಅಂಬವ್ವ ಆ ಮಾತನ್ನು ನಂಬಿದಳು. ಆದರೂ ಎಷ್ಟೋ ದಿನ ರೊಟ್ಟಿ ತಟ್ಟುವಾಗ ತನ್ನ ಕೈಗಳನ್ನೇ ನೋಡುತ್ತ ಕೂತುಬಿಡುತ್ತಿದ್ದಳು.

ಆ ಹೊತ್ತಿಗೆ ದವಾಖಾನೆಯ ಕೆಳಗಿನ ನೌಕರರೆಲ್ಲ ಕೂಡಿ ಸಂಘ ಕಟ್ಟಿಕೊಂಡಿದ್ದರು. ಆಯಾಗಳು, ವಾರ್ಡ್ ಬಾಯ್‌ಗಳು, ಕಸ ಗುಡಿಸುವವರು, ಅಡಿಗೆಯವರು ಅದರಲ್ಲಿದ್ದರು. ರೋಗಿಗಳ ಡೋಲಿ ಹೊರುತ್ತಿದ್ದ ರಾಜಾಸಾಬ ಅದರ ಕಾರ್ಯದರ್ಶಿ. ಗಟ್ಟಿ ದನಿಯ, ಮೆತ್ತನೆ ಮನಸ್ಸಿನ ಮನುಷ್ಯ. ಹಿತ್ತಲಿನ ಬೇವಿನ ಗಿಡದ ಕೆಳಗೆ ಸಭೆ ಸೇರುತ್ತಿತ್ತು. ವಾರಕ್ಕೊಂದು ರಜೆ ಬೇಕು, ಪಗಾರ ವೇಳೆಗೆ ಬರಬೇಕು ಎಂದೆಲ್ಲ ಕೇಳಿ ಮುಗಿದ ಮೇಲೆ ಖುರ್ಷೀದಬೇಗಂ ಎದ್ದು ನಿಂತಳು.

"ನನ್ನದೂ ಒಂದ ಬರಕೋರಿ ರಾಜಾಸಾಬ. ನಮಗ ಕಲಸ್ರಿ ಅಂತ ಬರೀರಿ. ಇಷ್ಟ ವರ್ಷ ಕೈ ಹಿಡಕೊಂಡ ಕುಂತೀವಿ, ಸಾಕು. ಆ ಕೈಲೇ ಏನರೆ ಮಾಡಾಕ ಬರಬೇಕು."

ಯಾರೂ ನಗಲಿಲ್ಲ. ಆ ಬಂಡಿ ಎಲ್ಲರ ಕಣ್ಣೆದುರಿಗಿತ್ತು.

ರಾಜಾಸಾಬ ಅದಕ್ಕಾಗಿ ಗುಲ್ಬರ್ಗಾಕ್ಕೂ ಹೈದರಾಬಾದಿಗೂ ಎಷ್ಟೋ ಸಲ ಅಲೆದ. ಕೊನೆಗೆ ಸರ್ಕಾರ ಒಪ್ಪಿತು. ವರ್ಷಕ್ಕೊಬ್ಬ ಆಯಾಗೆ ಗುಲ್ಬರ್ಗಾದ ದೊಡ್ಡ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ತರಬೇತಿ. ಅಲ್ಲಿರುವಷ್ಟು ದಿನ ಊಟ, ವಸತಿಗೆ ವಜೀಫಾ ಎಂಬ ಸಹಾಯಧನ, ಊರಲ್ಲಿ ಪಗಾರದ ಸಹಿತ ನೌಕರಿ ಹಾಗೆಯೇ ಉಳಿಯುವುದು. ಆದರೆ ಕರಾರು ಎರಡಿದ್ದವು. ನಲವತ್ತು ದಾಟಿರಬಾರದು, ಓದಲು ಬರೆಯಲು ಬರಬೇಕು.

ಖುರ್ಷೀದಬೇಗಂಳಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಆದರೆ ನಲವತ್ತು ದಾಟಿ ಎಷ್ಟೋ ವರ್ಷವಾಗಿತ್ತು. ಸುದ್ದಿ ಕೇಳಿದ ದಿನ ಆಕೆ ಒಂದು ಗಳಿಗೆ ಗಿಡದ ಬುಡಕ್ಕೆ ಒರಗಿ ಕೂತಳು. ಆಮೇಲೆ ಸೆರಗು ಕೊಡವಿ ಎದ್ದು, "ಹಂಗಾರ ಅಂಬವ್ವ ಹೋಗ್ತಾಳ," ಅಂದಳು.

"ನಂಗ ಅಕ್ಷರ ಎಲ್ಲಿ ಬರ್ತಾವ ಆಪಾ?"

"ಬರಂಗ ಮಾಡಿದ್ರ ಬರ್ತಾವ."

ಭಗವಂತರಾಯ ಮಾಸ್ತರರು ಸ್ಟೇಷನ್ನಿನ ಹತ್ತಿರ ದೊಡ್ಡವರಿಗೆ ಸಂಜೆ ಶಾಲೆ ನಡೆಸುತ್ತಿದ್ದರು. ಹಮಾಲರು, ಟಾಂಗಾ ಹೊಡೆಯುವವರು ಬರುತ್ತಿದ್ದರು. ಅಷ್ಟು ಗಂಡಸರ ನಡುವೆ ಒಬ್ಬಳೇ ಕೂಡಲಾರದೆ ಅಂಬವ್ವ ಮೊದಲ ದಿನ ಬಾಗಿಲಿನಿಂದಲೇ ತಿರುಗಿದಳು. ಮರುದಿನದಿಂದ ಆಪಾ ಜೊತೆಗೆ ಬಂದಳು. ಬಾಗಿಲಲ್ಲಿ ಕಾಯಲಿಲ್ಲ, ತಾನೂ ಬರೆಯುವ ಪಾಟಿ ತಂದು ಮಗ್ಗುಲಲ್ಲೇ ಕೂತಳು.

"ನಿಮಗ್ಯಾಕ್ರಿ ಈ ತ್ರಾಸ?" ಎಂದು ಮಾಸ್ತರರು ಕೇಳಿದರು.

"ಇಕಿ ತಪ್ಪ ಮಾಡಿದ್ರ ನೋಡಿ ನಗಾಕ ಒಬ್ಬರರೆ ಬೇಕಲ್ರಿ," ಅಂದಳು ಆಪಾ. ನಿಜವೆಂದರೆ ತಪ್ಪು ಹೆಚ್ಚು ಮಾಡಿದವಳು ಆಪಾಳೇ. ಬಲದಿಂದ ಎಡಕ್ಕೆ ಬರೆದು ರೂಢಿಯಾದ ಕೈ, ಎಡದಿಂದ ಬಲಕ್ಕೆ ಹೊರಳಲು ಒಲ್ಲೆನ್ನುತ್ತಿತ್ತು. ಆಕೆಯ 'ಅ' ಬೆನ್ನು ತಿರುಗಿಸಿ ಕೂತಂತೆ ಕಾಣುತ್ತಿತ್ತು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಹೀಗೆ ಎರಡು ಬೇಸಿಗೆ ಕಳೆದವು. ಅಂಬವ್ವ ಔಷಧಿ ಬಾಟಲಿಯ ಮೇಲಿನ ಕನ್ನಡ ಚೀಟಿಗಳನ್ನು ಕೂಡಿಸಿ ಕೂಡಿಸಿ ಓದತೊಡಗಿದಳು. ಐವತ್ತಾರರ ಮುಂಗಾರಿನಲ್ಲಿ ಅವಳ ಹೆಸರು ಮಂಜೂರಾಗಿ ಬಂತು.

ಹೊರಡುವ ದಿನ ಮಲ್ಕಪ್ಪ ಸ್ಟೇಷನ್ನಿಗೆ ಬಂದ. ಭೀಮಮ್ಮನನ್ನು ಅವನ ಅವ್ವ ಅಯ್ಯಮ್ಮನ ಹತ್ತಿರ ಬಿಡುವುದೆಂದು ಆಗಿತ್ತು. ಗಾಡಿ ಕಣ್ಣಿಗೆ ಬಿದ್ದಾಗ ಆತ ಹೆಗಲ ಮೇಲಿನ ಗಂಟನ್ನು ಅವಳ ಕೈಗೆ ಕೊಟ್ಟ. ತಾನೇ ನೇಯ್ದ ಹೊಸ ಕಂಬಳಿ, ಕರಿ ಉಣ್ಣೆಯದು.

"ಅಲ್ಲೇನ ಥಂಡಿ ಇರ್ತದ್ರಿ, ಈ ದಿನದಾಗ?"

"ಇರ್ಲಿ. ಹೊಸ ಊರಾಗ ನಿದ್ದಿ ಹತ್ತಂಗಿಲ್ಲ."

ಗುಲ್ಬರ್ಗಾದಲ್ಲಿ ಮೊದಲು ಅವಳಿಗೆ ಎಲ್ಲವೂ ಗುಡ್ಡದಂತೆ ಕಂಡಿತು. ಜೊತೆಗಿದ್ದ ಹುಡುಗಿಯರು ಶಾಲೆ ಕಲಿತು ಬಂದವರು, ಸರಸರ ಬರೆದುಕೊಳ್ಳುತ್ತಿದ್ದರು. ಅಂಬವ್ವ ಒಂದು ಸಾಲು ಬರೆಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಫೇಲಾದಳು. ಆ ದಿನ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಆದರೆ ಅದೇ ವಾರ ಪಾಠ ಹೇಳುವ ದೊಡ್ಡ ನರ್ಸಮ್ಮ, ಹೆತ್ತವಳಿಗೆ ರಕ್ತ ಹರಿದರೆ ಹೊಟ್ಟೆಯ ಮೇಲೆ ಎಲ್ಲಿ ಕೈಯಿಟ್ಟು ಹೇಗೆ ಒತ್ತಿ ತಿಕ್ಕಬೇಕೆಂದು ತೋರಿಸಿದಳು. ಆಗಷ್ಟೇ ಹೆತ್ತವಳೊಬ್ಬಳ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅಂಬವ್ವನ ಅಂಗೈ ಕೆಳಗೆ ಗರ್ಭಕೋಶ ಗಟ್ಟಿಯಾಗಿ ಚೆಂಡಿನಂತೆ ಸಿಕ್ಕಿತು. ಅಂಬವ್ವ ಕೈ ತೆಗೆಯದೆ ಹಾಗೆಯೇ ನಿಂತಳು. ಬಂಡಿಯೊಳಗಿನ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿತು. ಇನ್ನು ಮೇಲೆ ಫೇಲಾದರೂ ಸರಿಯೆ, ಕಲಿಯದೆ ಹೋಗುವುದಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ನವೆಂಬರ್ ಬಂತು. ಹೈದರಾಬಾದ ರಾಜ್ಯವೇ ಇಲ್ಲವಾಗಿ, ಗುಲ್ಬರ್ಗಾ, ಯಾದಗಿರಿ, ಸುರಪುರವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಊರಲ್ಲಿ ಪಟಾಕಿ ಹಾರಿಸಿದರು, ದವಾಖಾನೆಯಲ್ಲೂ ಸಿಹಿ ಹಂಚಿದರು. ಆದರೆ ಅಂಬವ್ವನ ವಜೀಫಾ ನಿಂತುಹೋಯಿತು. ಹಳೆಯ ಸರ್ಕಾರದ ಕಾಗದ ಹೊಸ ಸರ್ಕಾರದ ಯಾವ ಮೇಜಿನ ಮೇಲೆ ಕೂತಿದೆಯೆಂದು ಯಾರಿಗೂ ತಿಳಿಯದು. ಬರ್ತದೆ, ಬರ್ತದೆ ಎನ್ನುತ್ತಲೇ ತಿಂಗಳುಗಳು ಕಳೆದವು. ತನ್ನ ನೌಕರಿಯೂ ಹೋಗಿರಬೇಕೆಂಬ ಭಯ ಅವಳನ್ನು ಹಿಡಿಯಿತು. ಒಂದು ಬೆಳಗ್ಗೆ ಯಾರಿಗೂ ಹೇಳದೆ ಗಂಟು ಕಟ್ಟಿ ಯಾದಗಿರಿಯ ಗಾಡಿ ಹತ್ತಿದಳು.

ವಾರ್ಡಿಗೆ ಬಂದಾಗ ಮಧ್ಯಾಹ್ನ. ಬೆಳಗಿನ ಪಾಳಿ ಮುಗಿದು ಮನೆಗೆ ಹೋಗಿರಬೇಕಾಗಿದ್ದ ಖುರ್ಷೀದಬೇಗಂ ಇನ್ನೂ ಅಲ್ಲೇ ಇದ್ದಳು. ಅಂಬವ್ವ ನೋಡಿಕೊಳ್ಳುತ್ತಿದ್ದ ಹಾಸಿಗೆಗಳ ಸಾಲಿನಲ್ಲಿ ಚಾದರ ಬದಲಿಸುತ್ತಿದ್ದಳು. ಕಸ ಗುಡಿಸುವ ಹನುಮಮ್ಮ ಆಕೆಗೆ ಕೈಗೂಡಿಸಿದ್ದಳು.

"ಅರೇ, ನೀ ಯಾಕ ಬಂದಿ?" ಆಪಾಳ ದನಿಯಲ್ಲಿ ಸಂತೋಷವಿರಲಿಲ್ಲ.

"ವಜೀಫಾ ಬರವಲ್ದು ಆಪಾ. ನನ್ನ ನೌಕರಿನೂ..."

"ನಿನ್ನ ನೌಕರಿಗಿ ಏನಾಗ್ಯಾದ? ದಿನಾ ನಡದದ."

ಅಂಬವ್ವನಿಗೆ ಅರ್ಥವಾಗಲಿಲ್ಲ. ಹನುಮಮ್ಮನೇ ಬಿಡಿಸಿ ಹೇಳಿದಳು. ರಾಜ್ಯ ಬದಲಾದ ಗದ್ದಲ ಸುರುವಾದ ಕೂಡಲೇ, ಕೆಲಸಕ್ಕೆ ಇಲ್ಲದವಳ ಪಗಾರ ಕೊಡಲು ಬರುವುದಿಲ್ಲವೆಂದು ಮಾತು ಬಂದಿತ್ತಂತೆ. ಸಂಘದವರು ಡಾಕ್ಟರ ಮುಂದೆ ಹೋಗಿ ನಿಂತರು. ಅವಳ ಕೆಲಸ ಒಂದು ದಿನವೂ ನಿಲ್ಲದ ಹಾಗೆ ನೋಡಿಕೊಳ್ಳುತ್ತೇವೆ, ಹೆಸರು ತೆಗೆಯಬೇಡಿ ಎಂದರು. ಡಾಕ್ಟರು ಯೋಚಿಸಿ, ತಮ್ಮ ಜವಾಬ್ದಾರಿಯ ಮೇಲೆ ಒಪ್ಪಿದರು. ಅಂದಿನಿಂದ ಪ್ರತಿಯೊಬ್ಬರೂ ತಮ್ಮ ಪಾಳಿ ಮುಗಿಸಿ ಅಂಬವ್ವನ ಪಾಳಿಯನ್ನು ಸರದಿಯ ಮೇಲೆ ಮಾಡುತ್ತಿದ್ದರು. ಹಾಗೆ ಉಳಿದ ಪಗಾರ ರಾಮಸಮುದ್ರದ ಅಯ್ಯಮ್ಮನ ಕೈ ಸೇರುತ್ತಿತ್ತು.

"ನಂಗ ಯಾಕ ಹೇಳಿಲ್ಲ?"

"ಹೇಳಿದ್ರ ನೀ ಓಡಿ ಬರ್ತಿದ್ದಿ," ಅಂದಳು ಆಪಾ. "ಈಗ ಹೇಳಲಾರದೇ ಬಂದೀದಿ."

ಅಂಬವ್ವ ಗಂಟನ್ನು ಕೆಳಗಿಟ್ಟು ಚಾದರಕ್ಕೆ ಕೈಹಾಕಿದಳು. ಆಪಾ ಆ ಕೈಯನ್ನು ಹಿಡಿದು ಸರಿಸಿದಳು. "ಇದು ಇವತ್ತ ನನ್ನ ಸರದಿ. ಮುಟ್ಟಬ್ಯಾಡ."

ರಾಜಾಸಾಬ ಸುದ್ದಿ ಕೇಳಿ ಡೋಲಿ ಬಿಟ್ಟು ಓಡಿ ಬಂದ. ಬೈಯಲು ಬಾಯಿ ತೆರೆದವನು ಅಂಬವ್ವನ ಮುಖ ನೋಡಿ ದನಿ ತಗ್ಗಿಸಿದ. "ತಂಗೀ, ಸಂಜಿ ಗಾಡಿ ಅದ. ನಾ ಕುಂಡ್ರಸಿ ಬರ್ತೀನಿ. ಉಣ್ಣೋದು, ಇರೋದು ಸಂಘ ನೋಡ್ತದ. ಸರ್ಕಾರದ ಬೆನ್ನ ನಾ ಬಿಡಂಗಿಲ್ಲ. ನೀ ಕಲಿಯೋದ ಬಿಡಬ್ಯಾಡ, ಅಷ್ಟ ಮಾಡು."

ಹನುಮಮ್ಮ ತನ್ನ ಬುತ್ತಿಯ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅಂಬವ್ವ ಗಾಡಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಅಳುತ್ತಲೇ ಅದನ್ನು ತಿಂದಳು. ಹಸಿವೆಯೂ ಬಹಳ ಆಗಿತ್ತು.

ಹೇಳದೆ ಹೋದದ್ದಕ್ಕೆ ದೊಡ್ಡ ನರ್ಸಮ್ಮ ಬೈದಳು, ಆಮೇಲೆ ಒಳಗೆ ಕರೆದು ತಪ್ಪಿದ ಪಾಠ ಹೇಳಿಕೊಟ್ಟಳು. ವಜೀಫಾ ಬೇಸಿಗೆಯಲ್ಲಿ ಒಟ್ಟಿಗೇ ಬಂತು. ಕೊನೆಯ ಪರೀಕ್ಷೆಯಲ್ಲಿ ಅಂಬವ್ವ ಪಾಸಾದಳು. ಮೇಲಿನ ನಂಬರೇನಲ್ಲ, ಆದರೆ ಪಾಸು.

ಹೆರಿಗೆ ಮಾಡಿಸುವ ಹೊಸ ಹುದ್ದೆ ಸಿಕ್ಕದ್ದು ಯಾದಗಿರಿಯಲ್ಲಲ್ಲ, ಶಹಾಪುರದಲ್ಲಿ. ಅಷ್ಟು ಜನ ತನ್ನ ಕೆಲಸ ಹೊತ್ತರು, ಅವರ ಜೊತೆ ಇರುವ ಭಾಗ್ಯವಿಲ್ಲವೆಂದು ಅವಳು ಕುಗ್ಗಿದಳು. ಮಲ್ಕಪ್ಪ ಮಾತ್ರ ಕುರಿಗಳನ್ನು ತಿರುಗಿಸಿಕೊಂಡು ಶಹಾಪುರದ ಹತ್ತಿರದ ವನದುರ್ಗದ ಗುಡ್ಡದ ಕಡೆ ನಡೆದ. ಕೇಳಿದರೆ, "ಅಲ್ಲೂ ಹುಲ್ಲ ಅದ," ಅಂದ. ಶಹಾಪುರದ ಎರಡು ಖೋಲಿಯ ಮನೆಯಲ್ಲಿ ಭೀಮಮ್ಮ, ಅಯ್ಯಮ್ಮ ಬಂದು ಕೂಡಿಕೊಂಡರು. ಸುತ್ತಲಿನ ಹಳ್ಳಿಗಳಿಂದ ಬಂಡಿಗಳು ಬಂದವು, ಕೆಲವು ಸಲ ಅಂಬವ್ವನೇ ಬಂಡಿ ಹತ್ತಿ ಹೋದಳು. ಎಲ್ಲರೂ ಉಳಿದರೆಂದಲ್ಲ. ಆದರೆ ಉಳಿದವರು ಬಹಳ.

ಮರುವರ್ಷ ಯಾದಗಿರಿಯಿಂದ ಇನ್ನೊಬ್ಬ ಆಯಾ ತರಬೇತಿಗೆ ಹೋದಳು. ಆಗ ಅಂಬವ್ವ ತನ್ನ ರಜೆಯ ದಿನ ಮೊದಲ ಬಸ್ಸಿಗೆ ಯಾದಗಿರಿಗೆ ಬಂದು, ಸೆರಗು ಸೊಂಟಕ್ಕೆ ಸಿಗಿಸಿ ಆ ಆಯಾಳ ಪಾಳಿಯಲ್ಲಿ ನಿಂತಳು. ಈಗ ನರ್ಸಮ್ಮನಾದವಳ ಕೈಯಲ್ಲಿ ಮಲದ ಪಾತ್ರೆ ನೋಡಿ ಹನುಮಮ್ಮ ಗಾಬರಿಯಾಗಿ ಕಸಿಯಲು ಬಂದಳು. ಅಂಬವ್ವ ಬಿಡಲಿಲ್ಲ.

ಖುರ್ಷೀದಬೇಗಂ ನೌಕರಿಯಿಂದ ನಿವೃತ್ತಳಾದ ವರ್ಷ ಎಂಟು ದಿನ ಇರಲೆಂದು ಶಹಾಪುರಕ್ಕೆ ಬಂದಳು. ಮೊಣಕಾಲು ನೋವು, ಕಣ್ಣೂ ಮಂಜಾಗಿತ್ತು. ಅಂಬವ್ವ ಆಕೆಯ ಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು, ನೆರೆತ ತಲೆ ಬಾಚಿದಳು.

"ನಾ ನಿನಗ ಕೆಲಸ ಕಲಿಸಿದ್ದು ನನಗಽ ಮಾಡಾಕತ್ತೀ ನೋಡು," ಎಂದು ಆಪಾ ನಕ್ಕಳು. ಆಮೇಲೆ ಕೇಳಿದಳು, "ಅಂಬವ್ವಾ, ನಿನ್ನ ಕೈಲೇ ಹುಟ್ಟಿದ ಕೂಸಗೋಳು ಹ್ಯಾಂಗ ಅಳತಾವ?"

"ಎಲ್ಲಾ ಕೂಸಿನಂಗಽ ಆಪಾ. ಯಾಕ?"

"ಸುಮ್ಮಕ ಕೇಳಿದೆ. ನನಗಂತೂ ಆ ಕೆಲಸ ಕಲಿಯಾಕ ಆಗಲಿಲ್ಲ, ಕೇಳಬೇಕಂತ ಬಾಳ ದಿನದಿಂದ ಅನಸಿತ್ತು."

ಮಧ್ಯಾಹ್ನದ ಬಿಸಿಲಿಗೆ ಆಪಾಗೆ ನಿದ್ದೆ ಹತ್ತಿತು. ಅಷ್ಟರಲ್ಲಿ ಓಣಿಯಲ್ಲಿ ಬಂಡಿ ಬಂದು ನಿಂತ ಸಪ್ಪಳ. ಅಂಬವ್ವ ಚೀಲ ತೆಗೆದುಕೊಂಡು ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಆಪಾಳ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಕಿಟಕಿಯ ಕದ ಎಳೆದಳು.

"ಅತ್ತೀ, ಆಪಾ ಎದ್ದ ಮ್ಯಾಲ ಬಿಸಿ ರೊಟ್ಟಿ ಮಾಡಿ ಕೊಡ್ರಿ," ಎಂದು ಅಯ್ಯಮ್ಮನಿಗೆ ಪಿಸುದನಿಯಲ್ಲಿ ಹೇಳಿ ಬಂಡಿ ಹತ್ತಿದಳು.